ಮಧ್ಯಯುಗದ ಹಳ್ಳಿ ಗೇಮ್: ಆಟಗಾರರ ಸಲಹೆಗಳಿಗೆ ಡಿಸೈನರ್ ಉತ್ತರ

ಮಧ್ಯಯುಗದ ಯುರೋಪಿನ ಹಳ್ಳಿಯಲ್ಲಿ ಮನೆ ಕಟ್ಟಿ, ಹೊಲ ಉತ್ತು, ಸಂಸಾರ ಬೆಳೆಸುವ ಸಿಮ್ಯುಲೇಶನ್ ಗೇಮ್‌ಗಳ ಬಗ್ಗೆ ಗುಂಪಿಗೆ ಬಂದ ಸಲಹೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಹಾಕಿದ್ದೇವೆ. ಉತ್ತರಿಸುತ್ತಿರುವವರು ಇದೇ ಬಗೆಯ ಗೇಮ್‌ಗಳ ಸಿಸ್ಟಮ್ ಡಿಸೈನರ್. – ಅಡ್ಮಿನ್

ಪ್ರಶ್ನೆ: ಒಂದು ಋತುವಿಗೆ ಮೂರೇ ದಿನ. ಬಿತ್ತನೆ ಮುಗಿಸಿ ತಲೆ ಎತ್ತುವಷ್ಟರಲ್ಲಿ ಚಳಿಗಾಲ ಬಂದಿರುತ್ತೆ. ಹತ್ತು ದಿನ ಮಾಡೋಕೆ ಏನು ಕಷ್ಟ ಸರ್? ಒಂದು ಸಂಖ್ಯೆ ಬದಲಿಸಿದರೆ ಆಯ್ತಲ್ಲ?

ಉತ್ತರ: ಸಂಖ್ಯೆ ಒಂದೇ, ಅದನ್ನು ನಂಬಿಕೊಂಡಿರುವ ಲೆಕ್ಕಗಳು ಹತ್ತಾರು. ಊಟ ದಿನದ ಲೆಕ್ಕದಲ್ಲಿ ಖರ್ಚಾಗುತ್ತದೆ, ಫಸಲು ಋತುವಿನ ಲೆಕ್ಕದಲ್ಲಿ ಬರುತ್ತದೆ. ಹತ್ತು ದಿನ ಮಾಡಿದಿರೋ, ಅದೇ ಫಸಲು ಮೂರು ಪಟ್ಟಿಗಿಂತ ಹೆಚ್ಚು ದಿನ ಬಾಳಬೇಕು. ಮೊದಲ ಚಳಿಗಾಲಕ್ಕೇ ಹಳ್ಳಿ ಉಪವಾಸ. ಇನ್ನೊಂದು ಕಡೆ ಬೇಟೆ, ಮರ ಕಡಿಯುವುದು, ಕಸುಬು ಇವೆಲ್ಲ ದಿನಗೂಲಿಯಂತೆ ಗಳಿಸಿಕೊಡುತ್ತವೆ, ತೆರಿಗೆ ಮಾತ್ರ ವರ್ಷಕ್ಕೊಮ್ಮೆ. ಹಾಗಾಗಿ ಹೊಟ್ಟೆಗಿಲ್ಲದ ಹಳ್ಳಿಯಲ್ಲಿ ಹಣ ಕೊಳೆಯುತ್ತದೆ.

ವಯಸ್ಸಿನ ಲೆಕ್ಕ ಇನ್ನೂ ತೊಡಕಿನದು. ಗೇಮಿನ ಒಂದು ದಿನಕ್ಕೆ 30 ನಿಮಿಷ ಅಂದುಕೊಳ್ಳಿ. ಋತುವಿಗೆ 3 ದಿನವಾದರೆ ವರ್ಷಕ್ಕೆ 6 ಗಂಟೆ. ಮಗ 16 ತುಂಬಿ ಕೆಲಸಕ್ಕೆ ಬರಲು 96 ಗಂಟೆ. ಋತುವಿಗೆ 10 ದಿನವಾದರೆ ಅದೇ 320 ಗಂಟೆ. ಅಷ್ಟು ಹೊತ್ತು ಆಡುವವರು ಬೆರಳೆಣಿಕೆ, ಅಂದರೆ ಮಗ ವಾರಸುದಾರನಾಗಿ ಆಟ ಮುಂದುವರಿಸುವ ಭಾಗವನ್ನು ಯಾರೂ ನೋಡುವುದೇ ಇಲ್ಲ.

ಆದ್ದರಿಂದ ಬರೀ ಸ್ಲೈಡರ್ (ದಿನಗಳ ಸಂಖ್ಯೆ ಏರಿಸಿ ಇಳಿಸುವ ಸೆಟ್ಟಿಂಗ್) ಕೇಳಬೇಡಿ. ಊಟ, ಉರುವಲು, ಆಹಾರ ಕೆಡುವ ವೇಗ, ಸಂತೆಯ ಬೇಡಿಕೆ, ಇಷ್ಟನ್ನೂ "ಋತುವಿಗೆ ಇಷ್ಟು" ಎಂದಿಟ್ಟು ದಿನಗಳಿಂದ ಭಾಗಿಸಿ ಎಂದು ಕೇಳಿ. ವಯಸ್ಸಿಗೆ ಬೇರೆಯೇ ಸ್ಲೈಡರ್ ಇರಲಿ.

ಪ್ರಶ್ನೆ: ಹೊಲ ಅತಿಯಾಗಿ ಕೊಡುತ್ತೆ. ಎರಡು ಹೊಲ ಗೋಧಿ ಹಾಕಿದರೆ ಊರಿಗೆಲ್ಲ ಸಾಕು. ನಿಜವಾದ ಮಧ್ಯಯುಗದ ಇಳುವರಿ ಕೊಡಿ.

ಉತ್ತರ: ಕೇಳುವ ಮುಂಚೆ ಲೆಕ್ಕ ನೋಡಿ. ಆಗಿನ ಯುರೋಪಿನಲ್ಲಿ ಗೋಧಿ ಬಿತ್ತಿದ್ದರ ಮೂರರಿಂದ ಐದು ಪಟ್ಟು ಬಂದರೆ ಸಾಮಾನ್ಯ ಬೆಳೆ. ನಾಲ್ಕು ಪಟ್ಟು ಎಂದಿಟ್ಟುಕೊಂಡರೆ 100 ಮೂಟೆಯಲ್ಲಿ 25 ಮುಂದಿನ ವರ್ಷದ ಬೀಜಕ್ಕೆ, 10 ಚರ್ಚಿನ ದಶಾಂಶಕ್ಕೆ. ಉಳಿದ 65ರಲ್ಲಿ ಒಡೆಯನ ಗೇಣಿ ಕಳೆದು ಊಟ.

ಇದನ್ನು ಹಾಗೇ ತಂದರೆ ಮೊದಲು ಮುರಿಯುವುದು ಕಣಜ. ಎನ್‌ಪಿಸಿಗಳಿಗೆ (ಕಂಪ್ಯೂಟರ್ ನಡೆಸುವ ಹಳ್ಳಿಗರಿಗೆ) ಬೀಜ ಯಾವುದು, ಊಟ ಯಾವುದು ಗೊತ್ತಿಲ್ಲ. ಚಳಿಗಾಲದಲ್ಲಿ ಬೀಜವನ್ನೇ ಬೀಸಿ ತಿಂದುಬಿಡುತ್ತಾರೆ. ಆಟಗಾರನಿಗೆ ಅದು ಗೊತ್ತಾಗುವುದು ಬಿತ್ತನೆ ದಿನ. ಅದು ಕಷ್ಟದ ಆಟವಲ್ಲ, ಮೋಸದ ಆಟ. ಹಾಗಾಗಿ ಕಣಜದಲ್ಲಿ "ಬೀಜಕ್ಕೆ ಮೀಸಲು" ಎಂಬ ಬೀಗ ಮೊದಲು ಬರಬೇಕು, ಇಳುವರಿ ಇಳಿಸುವುದು ಆಮೇಲೆ. ಹಸಿವಾದಾಗ ಬೀಗ ತೆಗೆಯುವ ಹಕ್ಕು ಆಟಗಾರನಿಗೇ ಇರಲಿ. ಈ ವರ್ಷದ ಹಸಿವೋ ಮುಂದಿನ ವರ್ಷದ ಹಸಿವೋ ಎಂದು ಅವನೇ ತೀರ್ಮಾನಿಸಬೇಕು.

ಮರುಪ್ರಶ್ನೆ: ಮೂರು ಹೊಲದ ಪದ್ಧತಿ ಸೇರಿಸಿದರೆ ಹೇಗೆ?

ಉತ್ತರ: ಒಳ್ಳೆಯ ಸಲಹೆ, ನನಗೆ ಬಹಳ ಇಷ್ಟವಾದದ್ದು. ಒಂದು ಹೊಲಕ್ಕೆ ಶರತ್ಕಾಲದಲ್ಲಿ ಗೋಧಿ ಅಥವಾ ರೈ, ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್, ಬಟಾಣಿ, ಮೂರನೆಯದು ಬೀಳು. ಮುಂದಿನ ವರ್ಷ ಒಂದೊಂದು ಸ್ಥಾನ ಸರಿಯುತ್ತದೆ. ಆದರೆ "ಸೇರಿಸಿ" ಎಂದರೆ ಸಾಲದು, ಅಂಕಿ ಕೊಡಿ. ಹೀಗೆ: ಮಣ್ಣಿನ ಸಾರ 100ರಿಂದ ಶುರು, ಇಳುವರಿ ಅದರ ಶೇಕಡಾವಾರು. ಗೋಧಿ 30 ಕಳೆಯುತ್ತದೆ, ಬಾರ್ಲಿ 15. ಬೀಳು ಬಿಟ್ಟರೆ 25 ಬರುತ್ತದೆ, ಬೀಳಿನಲ್ಲಿ ಕುರಿ ಮಂದೆ ನಿಲ್ಲಿಸಿದರೆ 45. ಕುರಿ ಇದ್ದವನ ಲೆಕ್ಕ ಮೂರು ವರ್ಷಕ್ಕೆ ಸರಿಸಮ. ಇಲ್ಲದವನಿಗೆ ಸುತ್ತಿಗೆ 20 ನಷ್ಟ. ಒಂಬತ್ತು ವರ್ಷಕ್ಕೆ ಹೊಲ 40ಕ್ಕೆ ಇಳಿಯುತ್ತದೆ.

ಕುರಿ ಇಲ್ಲದವನಿಗೂ ಒಂದು ದಾರಿ ಬೇಕು. ಬಾರ್ಲಿ ಬದಲು ಬಟಾಣಿ ಹಾಕಿದರೆ 5 ಕೂಡಲಿ (ದ್ವಿದಳ ಬೆಳೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಹಿಡಿದುಕೊಡುವುದು ನಿಜವೇ). ಆಗ ಅವನ ಲೆಕ್ಕವೂ ಸೊನ್ನೆಗೆ ನಿಲ್ಲುತ್ತದೆ, ಆದರೆ ಬಿಯರ್‌ಗೆ ಬಾರ್ಲಿ ಇರುವುದಿಲ್ಲ. ಇಂಥ ಎಳೆದಾಟ ಇದ್ದರೆ ಪ್ರತಿ ಹೊಲವೂ ಯೋಚಿಸುವಂತೆ ಮಾಡುತ್ತದೆ. ಸಾರದ ಅಂಕಿ ಹೊಲದ ಬೋರ್ಡಿನ ಮೇಲೇ ಕಾಣಬೇಕು. ಮೆನುವಿನ ಮೂರನೇ ಪುಟದಲ್ಲಿಟ್ಟರೆ ಅರ್ಧ ಜನ "ಇಳುವರಿ ಬಗ್ ಇದೆ" ಎಂದೇ ಬರೆಯುತ್ತಾರೆ.

ಪ್ರಶ್ನೆ: ಆಲೂಗಡ್ಡೆ, ಮೆಕ್ಕೆಜೋಳ, ಟೊಮೇಟೊ ಯಾವಾಗ?

ಉತ್ತರ: ಬೇಡ. ಮೂರೂ ಅಮೆರಿಕದವು, 1492ರ ನಂತರವೇ ಯುರೋಪಿಗೆ ಬಂದವು. ಎಲೆಕೋಸು, ಈರುಳ್ಳಿ, ಟರ್ನಿಪ್, ಬಟಾಣಿ ಕೇಳಿ.

ಪ್ರಶ್ನೆ: ಗಿರಣಿ ಕಟ್ಟಿದ ಮೇಲೆ ಬೀಸುವ ಕಲ್ಲಿಗೆ ಬೆಲೆಯೇ ಇಲ್ಲ. ತೆಗೆದುಬಿಡಿ.

ಉತ್ತರ: ತೆಗೆಯುವುದಲ್ಲ, ಅದಕ್ಕೊಂದು ಕಾರಣ ಕೊಡಬೇಕು. ಹಲವೆಡೆ ರೈತರು ಒಡೆಯನ ಗಿರಣಿಯಲ್ಲೇ ಬೀಸಿಸಿ, ಹಿಟ್ಟಿನಲ್ಲೋ ಕಾಳಿನಲ್ಲೋ ಪಾಲು ಕೊಡಬೇಕಿತ್ತು. ಮನೆಯಲ್ಲಿ ಬೀಸುವುದೇ ತಪ್ಪು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದವರು ಜನರ ಬೀಸುವ ಕಲ್ಲುಗಳನ್ನು ಕಿತ್ತುಕೊಂಡು ಮಠದ ನೆಲಕ್ಕೆ ಹಾಸಿದ್ದರು; 1381ರ ರೈತ ದಂಗೆಯಲ್ಲಿ ಜನ ನುಗ್ಗಿ ಆ ಕಲ್ಲುಗಳನ್ನು ಎಬ್ಬಿಸಿದರು. ಗೇಮಿಗೆ ಇದಕ್ಕಿಂತ ಸಿದ್ಧ ಸಾಮಗ್ರಿ ಬೇಕೆ? ಗಿರಣಿಯಲ್ಲಿ 16 ಮೂಟೆಗೆ ಒಂದು ಮೂಟೆ ಶುಲ್ಕ, ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಕಲ್ಲಿನಲ್ಲಿ ಶುಲ್ಕವಿಲ್ಲ, ಒಬ್ಬ ಆಳು ಅರ್ಧ ದಿನ ಕೂರಬೇಕು, ಅಧಿಕಾರಿ ಬಂದಾಗ ಸಿಕ್ಕಿಬಿದ್ದರೆ ದಂಡ. ಕಲ್ಲು ಹೊರಗಿದ್ದರೆ ಕಾಣುತ್ತದೆ, ಒಳಗಿದ್ದರೆ ಇಲ್ಲ. ಎರಡೇ ನಿಯಮ, ಹೊಸ ಮಾಡೆಲ್ ಒಂದೂ ಬೇಡ.

ಪ್ರಶ್ನೆ: ಕಮ್ಮಾರಿಕೆ ಇನ್ನಷ್ಟು ನೈಜವಾಗಲಿ. ಈಗ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿದರೆ ಕತ್ತಿ ರೆಡಿ.

ಉತ್ತರ: ಆ ಅನಿಮೇಶನ್ ಕಂಡರೆ ನನಗೂ ಮೈ ಉರಿಯುತ್ತದೆ. ಹಳ್ಳಿಯ ಅದಿರು ಕುಲುಮೆ ಸುಮಾರು 1,200–1,300 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಶುದ್ಧ ಕಬ್ಬಿಣ ಕರಗುವುದು 1,538ಕ್ಕೆ. ಕರಗಿ ಹರಿಯುವುದು ಕಿಟ್ಟ. ಕಬ್ಬಿಣ ಸ್ಪಂಜಿನಂಥ ಉಂಡೆಯಾಗಿ ಒಳಗೇ ಉಳಿಯುತ್ತದೆ. ಅದನ್ನು ಇಕ್ಕಳದಲ್ಲಿ ಎತ್ತಿ, ಬಿಸಿ ಇರುವಾಗಲೇ ಬಡಿದು ಕಿಟ್ಟ ಹಿಂಡಬೇಕು, ಮತ್ತೆ ಕಾಯಿಸಿ ಮತ್ತೆ ಬಡಿಯಬೇಕು. ಬಡಿದಷ್ಟೂ ತೂಕ ಇಳಿಯುತ್ತದೆ.

ಆದರೆ ಪ್ರತಿ ಬಡಿತಕ್ಕೂ ಬಟನ್ ಒತ್ತಿಸುವ ಮಿನಿಗೇಮ್ ಬೇಡ. ಮೂರನೇ ಕತ್ತಿಗೇ ಕೈ ಸೋಲುತ್ತದೆ. ನೈಜತೆ ಇದ್ದಿಲಿನಲ್ಲಿ ಬರಲಿ. ಮಣ್ಣು ಮುಚ್ಚಿ ಸುಟ್ಟರೆ ಒಣ ಸೌದೆಯ ತೂಕದ ಐದನೇ ಒಂದು ಭಾಗ ಇದ್ದಿಲು ಸಿಕ್ಕರೆ ಹೆಚ್ಚು. ಅದಿರಿನ ತೂಕದಷ್ಟೇ ಇದ್ದಿಲು ಬೇಕು ಎಂದಿಟ್ಟರೆ 20 ಕೆಜಿ ಅದಿರಿಗೆ 100 ಕೆಜಿ ಸೌದೆ. ಆಗ ಕಾಡು ಕಬ್ಬಿಣಕ್ಕೋ ಚಳಿಗೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಪ್ರಶ್ನೆ: ಮರದ ಚಮಚ ಮಾಡಿ ಮಾರಿದರೆ ಒಂದೇ ಋತುವಿನಲ್ಲಿ ಕೋಟ್ಯಧೀಶ. ವ್ಯಾಪಾರಿಯ ಹತ್ತಿರ ಹಣ ಮಿತಿ ಮಾಡಿದರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಹಣ ಮಿತಿ ಮಾಡಿದರೆ ಆಟಗಾರ ಅದೇ ಚಮಚ ಹೊತ್ತು ಹತ್ತು ಊರು ತಿರುಗುತ್ತಾನೆ. ಗಳಿಕೆ ಅಷ್ಟೇ, ಬೇಸರ ಹತ್ತು ಪಟ್ಟು. ಬೆಲೆಯೇ ಇಳಿಯಬೇಕು. ಒಂದು ಮಾರಿದಾಗ ಶೇ. 4 ಇಳಿಸಿ. 100ರ ಸರಕು ಹತ್ತು ಮಾರಿದ ಮೇಲೆ 66ಕ್ಕೆ, ಇಪ್ಪತ್ತಾದ ಮೇಲೆ 44ಕ್ಕೆ ಬರುತ್ತದೆ. ಎಷ್ಟೇ ಸುರಿದರೂ ಒಟ್ಟು ಗಳಿಕೆ 2,500 ದಾಟದು. ಚೇತರಿಕೆ ಋತುವಿಗೊಮ್ಮೆ ಇರಲಿ. ದಿನಕ್ಕೊಮ್ಮೆ ಆದರೆ ಮಲಗಿ ಎದ್ದು ಮತ್ತೆ ಮಾರುತ್ತಾರೆ.

ಇಲ್ಲೊಂದು ಬಗ್ ತಪ್ಪದೆ ಬರುತ್ತದೆ. 3 ನಾಣ್ಯದ ಚಮಚ ಶೇ. 4 ಇಳಿದರೆ 2.88. ಅದನ್ನು ಪೂರ್ಣಾಂಕ ಮಾಡಿ ಉಳಿಸಿದರೆ ಮತ್ತೆ 3. ಅಂದರೆ ಅಗ್ಗದ ಸರಕಿನ ಬೆಲೆ ಎಂದಿಗೂ ಇಳಿಯುವುದಿಲ್ಲ, ಎಲ್ಲರೂ ಚಮಚದಲ್ಲೇ ದುಡಿಯುತ್ತಾರೆ. ದಶಮಾಂಶವನ್ನೇ ಉಳಿಸಿ, ತೋರಿಸುವಾಗ ಮಾತ್ರ ಪೂರ್ಣಾಂಕ ಮಾಡಬೇಕು. ಟೆಸ್ಟ್ ಮಾಡುವವರು ಅಗ್ಗದ ಸರಕು ಐವತ್ತು ಮಾರಿ ನೋಡಿ.

ಪ್ರಶ್ನೆ: ಊರಲ್ಲಿ 60 ಜನ ಆದ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ತೋರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಬೀಳುತ್ತೆ. ಗ್ರಾಫಿಕ್ಸ್ ಕಡಿಮೆ ಮಾಡಿದರೂ ಅಷ್ಟೇ.

ಉತ್ತರ: ಗ್ರಾಫಿಕ್ಸ್ ಇಳಿಸಿದರೂ ಬದಲಾಗದಿದ್ದರೆ ತೊಂದರೆ ಬಹುತೇಕ ಸಿಪಿಯುನಲ್ಲಿದೆ (ಲೆಕ್ಕ ಮಾಡುವ ಚಿಪ್‌ನಲ್ಲಿ). 60 ಎಫ್‌ಪಿಎಸ್‌ಗೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಒಬ್ಬೊಬ್ಬ ಎನ್‌ಪಿಸಿ ಯೋಚಿಸಲು 0.2 ತೆಗೆದುಕೊಂಡು, ಅರವತ್ತೂ ಜನ ಬೆಳಗ್ಗೆ ಒಂದೇ ಫ್ರೇಮಿನಲ್ಲಿ ಎದ್ದರೆ 12 ಅಲ್ಲೇ ಹೋಯಿತು. ಫ್ರೇಮಿಗೆ ಆರು ಜನರಂತೆ ಹಂಚಿದರೆ 1.2ಕ್ಕೆ ಮುಗಿಯುತ್ತದೆ. ಇದು ನಮ್ಮ ಕೆಲಸ.

ನಿಮ್ಮ ಕೈಯಲ್ಲಿರುವುದು ಬೇಲಿ. ಗೇಟಿಲ್ಲದೆ ಸುತ್ತ ಬೇಲಿ ಹಾಕಿದ ಉಗ್ರಾಣಕ್ಕೆ ಹೋಗಬೇಕಾದ ಎನ್‌ಪಿಸಿ ಇಡೀ ನಕ್ಷೆ ಜಾಲಾಡಿ, ದಾರಿ ಇಲ್ಲವೆಂದು ತಿಳಿದು, ಮರುಕ್ಷಣ ಮತ್ತೆ ಶುರುಮಾಡುತ್ತಾನೆ. ಅಂಥವನೊಬ್ಬ ಇದ್ದರೂ ಫ್ರೇಮ್ ತಿನ್ನಲು ಸಾಕು. ನಿಂತಲ್ಲೇ ಅಲುಗಾಡುವ ಆಳನ್ನು ಹುಡುಕಿ, ಅವನ ಕೆಲಸದ ಜಾಗದ ಬೇಲಿ ಒಂದು ತುಂಡು ಕಿತ್ತು ನೋಡಿ. ಎಫ್‌ಪಿಎಸ್ ಏರಿದರೆ, ಬೇಲಿ ಕೀಳುವ ಮುಂಚಿನ ಸೇವ್ ಫೈಲ್, ಆ ಆಳಿನ ಹೆಸರು, ಗೇಮಿನೊಳಗಿನ ಗಂಟೆ ಮೂರನ್ನೂ ಡೆವಲಪರ್‌ಗೆ ಕಳಿಸಿ. ಬೇಲಿ ಕಿತ್ತ ನಂತರದ ಸೇವ್ ಕಳಿಸಿದರೆ ಅವರಿಗೆ ಏನೂ ಕಾಣುವುದಿಲ್ಲ.