ಒಂದೇ ಮನೆ, ಎರಡು ಕಂಪ್ಯೂಟರ್, ಫೈಲ್ ಮಾತ್ರ ಸಿಗ್ತಿಲ್ಲ

ಪ್ರಶ್ನೆ (ಮೈಸೂರಿನಿಂದ): ಸರ್, ಕೆಳಗೆ ಹಾಲ್‌ನಲ್ಲಿ ನಮ್ಮ ಯಜಮಾನರ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಮಗಳ ಲ್ಯಾಪ್‌ಟಾಪ್ ಹೊಸದು, ವಿಂಡೋಸ್ 11. ಅವಳು ಮಹಡಿ ರೂಮಿನಲ್ಲಿ ಕೂತು ಕೆಲಸ ಮಾಡುತ್ತಾಳೆ. ಮನೆಯ ಫೋಟೋ, ಮದುವೆ ವಿಡಿಯೋ, ಸೈಟ್ ಪತ್ರದ ಸ್ಕ್ಯಾನ್ ಎಲ್ಲ ಡೆಸ್ಕ್‌ಟಾಪ್‌ನಲ್ಲೇ ಇರುವುದು. ಫೋಲ್ಡರ್ ಶೇರ್ ಮಾಡಿದ್ದೇವೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುತ್ತಿತ್ತು. ಈಗ ನೆಟ್‌ವರ್ಕ್ ಅಂತ ಒತ್ತಿದರೆ ಡೆಸ್ಕ್‌ಟಾಪ್ ಹೆಸರೇ ಬರುವುದಿಲ್ಲ. ಹೆಸರು ಟೈಪ್ ಮಾಡಿದರೆ 80070035 ಅಂತ ಮುಗಿಯುವ ಎರರ್ ಬರುತ್ತದೆ. ಎರಡರಲ್ಲೂ ಇಂಟರ್ನೆಟ್ ಚೆನ್ನಾಗಿದೆ. ಯೂಟ್ಯೂಬ್ ನೋಡಿ ಫೈರ್‌ವಾಲ್ ಆಫ್ ಮಾಡಿದೆವು, ಏನೂ ಆಗಲಿಲ್ಲ. ವಿಂಡೋಸ್ ಮತ್ತೆ ಹಾಕಿಸಬೇಕಾ?

ಉತ್ತರ: ಖಂಡಿತ ಬೇಡ ಮೇಡಂ. ಮೊದಲು ಎರಡರಲ್ಲೂ ಫೈರ್‌ವಾಲ್ ಆನ್ ಮಾಡಿ, ಆಮೇಲೆ ಮಾತು.

ಆ ಎರರ್ ಹೇಳುವುದು "ನೀವು ಕೊಟ್ಟ ದಾರಿ ಸಿಗಲಿಲ್ಲ" ಅಂತ ಅಷ್ಟೇ. ಪಾಸ್‌ವರ್ಡ್ ತಪ್ಪು ಅಂತಲೂ ಅಲ್ಲ, ಫೋಲ್ಡರ್ ಹಾಳಾಗಿದೆ ಅಂತಲೂ ಅಲ್ಲ. ಇಂಥ ಕೇಸ್ ಬಂದಾಗ ನಾನು ಕೇಳುವುದು ಒಂದೇ: ಆ ಕಂಪ್ಯೂಟರ್ ಪಟ್ಟಿಯಲ್ಲಿ ಕಾಣುತ್ತಿಲ್ಲವೋ, ಅದನ್ನು ತಲುಪಲು ಆಗುತ್ತಿಲ್ಲವೋ, ಇಲ್ಲ ತಲುಪಿದ ಮೇಲೂ ಅದು ಒಳಗೆ ಬಿಡುತ್ತಿಲ್ಲವೋ? ಮೂರೂ ಬೇರೆ ಬೇರೆ ತೊಂದರೆ. ಒಂದರ ಔಷಧಿ ಇನ್ನೊಂದಕ್ಕೆ ಹತ್ತುವುದಿಲ್ಲ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣದಿದ್ದರೂ ಶೇರಿಂಗ್ ಸರಿಯಾಗಿಯೇ ಇರಬಹುದು. ಹೆಸರು ಹುಡುಕಿ ಪಟ್ಟಿ ಮಾಡುವುದು ಫಂಕ್ಷನ್ ಡಿಸ್ಕವರಿ ಅನ್ನುವ ಸರ್ವಿಸ್‌ಗಳ ಕೆಲಸ. ಫೈಲ್ ಕೊಡುವುದು ಎಸ್‌ಎಂಬಿ ಅನ್ನುವ ಪ್ರೊಟೊಕಾಲ್‌ನ, ಅಂದರೆ ಕಂಪ್ಯೂಟರ್‌ಗಳು ಮಾತಾಡುವ ಭಾಷೆಯ ಕೆಲಸ, ಅದು 445ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಮೊದಲನೆಯದು ಕೈಕೊಟ್ಟರೂ ಎರಡನೆಯದು ಆರಾಮಾಗಿ ನಡೆಯುತ್ತಿರುತ್ತದೆ.

ಈಗ ಎರಡೂ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಕಮಾಂಡ್ ಕೊಡಿ. ಐಪಿವಿ4 ಅಡ್ರೆಸ್ ಅಂತ ಇರುವ ಸಾಲನ್ನು ಇಲ್ಲಿ ಹಾಕಿ. ಆಮೇಲೆ ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ, ಮೇಲಿನ ಅಡ್ರೆಸ್ ಬಾರ್‌ನಲ್ಲಿ, ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್, \\) ಹಾಕಿ ಡೆಸ್ಕ್‌ಟಾಪ್‌ನ ಆ ನಂಬರ್ ಕೊಟ್ಟು ನೋಡಿ. ಇನ್ನೊಂದು ಮಾತು, ಹೊಸ ಲ್ಯಾಪ್‌ಟಾಪ್ ಬಂದ ಆಸುಪಾಸಿನಲ್ಲಿ ರೂಟರ್ ಏನಾದರೂ ಬದಲಾಯಿತಾ?

ಪ್ರಶ್ನೆ ಕೇಳಿದವರು: ಡೆಸ್ಕ್‌ಟಾಪ್ 192.168.1.5. ಲ್ಯಾಪ್‌ಟಾಪ್ 192.168.0.103. ನೀವು ಹೇಳಿದ ಹಾಗೆ \\192.168.1.5 ಅಂತ ಕೊಟ್ಟರೆ ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತಿದೆ! ಆದರೆ ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್ ನಂಬರ್ ಕೊಟ್ಟರೆ ಅದೇ ಹಳೇ ಎರರ್. ಹೌದು, ಮೇಲೆ ವೈಫೈ ಸಿಗುತ್ತಿರಲಿಲ್ಲ ಅಂತ ಇನ್ನೊಂದು ರೂಟರ್ ತಂದು, ಕೆಳಗಿನದರಿಂದ ಕೇಬಲ್ ಎಳೆಸಿದ್ದೇವೆ. ಎರಡಕ್ಕೂ ಒಂದೇ ವೈಫೈ ಹೆಸರು ಇಟ್ಟಿದ್ದೇವೆ.

ಉತ್ತರ: ಅಲ್ಲೇ ಸಿಕ್ಕಿತು. ಮೂರನೇ ಅಂಕಿ ನೋಡಿ, ಒಂದು ಕಡೆ 1, ಇನ್ನೊಂದು ಕಡೆ 0. ಸಾಮಾನ್ಯ ಮನೆ ರೂಟರ್‌ಗಳಲ್ಲಿ ಇದರರ್ಥ ನಿಮ್ಮ ಮನೆಯಲ್ಲಿ ಎರಡು ನೆಟ್‌ವರ್ಕ್ ಇವೆ ಅಂತ. ವೈಫೈ ಹೆಸರು ಒಂದೇ ಇದ್ದ ಮಾತ್ರಕ್ಕೆ ನೆಟ್‌ವರ್ಕ್ ಒಂದಾಗುವುದಿಲ್ಲ, ಇದರಲ್ಲೇ ತುಂಬಾ ಜನ ಮೋಸ ಹೋಗುವುದು. ಮಹಡಿಯ ರೂಟರ್ ಕೆಳಗಿನ ರೂಟರ್‌ನಿಂದ ಇಂಟರ್ನೆಟ್ ತೆಗೆದುಕೊಂಡು, ತನ್ನ ಹಿಂದೆ ಬೇರೆಯದೇ ಒಂದು ನೆಟ್‌ವರ್ಕ್ ಮಾಡಿಕೊಂಡಿದೆ. ಅದರ ಹಿಂದಿರುವ ಲ್ಯಾಪ್‌ಟಾಪ್ ಹೊರಗೆ ಹೋಗಬಹುದು. ಹಾಗಾಗಿ ನಂಬರ್ ಕೊಟ್ಟಾಗ ಡೆಸ್ಕ್‌ಟಾಪ್ ತನಕ ತಲುಪಿತು. ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ, ಅದಕ್ಕೇ ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್ ಸಿಗುತ್ತಿಲ್ಲ. ಹೆಸರು ಹುಡುಕುವ ಕೂಗು ರೂಟರ್ ದಾಟುವುದೇ ಇಲ್ಲ, ಆದ್ದರಿಂದ ಪಟ್ಟಿಯೂ ಖಾಲಿ. ಪಾಪ, ಫೈರ್‌ವಾಲ್ ಏನೂ ತಪ್ಪು ಮಾಡಿಲ್ಲ.

ಮಹಡಿ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆಪರೇಷನ್ ಮೋಡ್ ಅಂತ ಹುಡುಕಿ, ಆಕ್ಸೆಸ್ ಪಾಯಿಂಟ್ ಅಂತ ಬದಲಾಯಿಸಿ. ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಕೆಳಗಿನದನ್ನೇ ಮೇಲಕ್ಕೆ ಮುಂದುವರಿಸುತ್ತದೆ. ಅಷ್ಟೇ ಸಾಕು. ಕೆಲವು ಹಳೇ ರೂಟರ್‌ಗಳಲ್ಲಿ ಆ ಮೋಡ್ ಇರುವುದಿಲ್ಲ. ಇಲ್ಲದಿದ್ದರೆ ಕೈಯಲ್ಲೇ ಮಾಡಬೇಕು: ಮೊದಲು ಮಹಡಿ ರೂಟರ್‌ನ ಸ್ವಂತ ನಂಬರನ್ನು 192.168.1.250 ತರಹ ಯಾರೂ ಬಳಸದ ಒಂದಕ್ಕೆ ಬದಲಾಯಿಸಿ, ಆಮೇಲೆ ಅದರ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ನಂಬರ್ ಹಂಚುವ ಕೆಲಸ) ಆಫ್ ಮಾಡಿ, ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಇಂಟರ್ನೆಟ್ ಬರುವ ವ್ಯಾನ್ ಪೋರ್ಟ್‌ನಿಂದ ಕಿತ್ತು, ಮನೆಯ ಕಂಪ್ಯೂಟರ್ ಹಾಕುವ ಲ್ಯಾನ್ ಪೋರ್ಟ್‌ಗೆ ಹಾಕಿ. ಈ ಕ್ರಮ ಹಿಂದೆಮುಂದೆ ಆದರೆ ರೂಟರ್‌ನ ಪೇಜ್ ತೆರೆಯದೇ ಒದ್ದಾಡಬೇಕಾಗುತ್ತದೆ.

ಆಮೇಲೆ ಎರಡೂ ಕಂಪ್ಯೂಟರ್‌ನಲ್ಲಿ ವೈಫೈ ಅಥವಾ ಈಥರ್‌ನೆಟ್ ಪ್ರಾಪರ್ಟೀಸ್‌ಗೆ ಹೋಗಿ ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಇದೆಯಾ ನೋಡಿ. ವಿಂಡೋಸ್ 11 ಹೊಸ ನೆಟ್‌ವರ್ಕ್ ಕಂಡರೆ ಸುಮ್ನೆ ಪಬ್ಲಿಕ್ ಅಂತ ಇಟ್ಟುಬಿಡುತ್ತದೆ. ಪಬ್ಲಿಕ್ ಇದ್ದರೆ ಡಿಸ್ಕವರಿ ಬಂದ್.

ಪ್ರಶ್ನೆ ಕೇಳಿದವರು: ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು ಸರ್, ಮಾಡಿದೆವು. ಈಗ ಲ್ಯಾಪ್‌ಟಾಪ್‌ಗೂ 192.168.1 ಬಂದಿದೆ. ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಹೆಸರು ಕಾಣುತ್ತಿದೆ! ಆದರೆ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ನಾವು ದಿನಾ ಹಾಕುವ ನಾಲ್ಕು ಅಂಕಿ ಹಾಕಿದರೆ ತಪ್ಪು ಅನ್ನುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಅದೇ ಅಂಕಿ ಹಾಕಿ ಒಳಗೆ ಹೋಗುತ್ತೇವಲ್ಲ?

ಉತ್ತರ: ಅದು ಪಿನ್. ಪಿನ್ ಆ ಕಂಪ್ಯೂಟರ್ ಎದುರು ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ನಡೆಯುವುದಿಲ್ಲ. ಅಲ್ಲಿ ಕೇಳುತ್ತಿರುವುದು ಡೆಸ್ಕ್‌ಟಾಪ್ ಅಕೌಂಟಿನ ನಿಜವಾದ ಪಾಸ್‌ವರ್ಡ್. ಮೈಕ್ರೋಸಾಫ್ಟ್ ಅಕೌಂಟ್ ಆಗಿದ್ದರೆ ಇಮೇಲ್ ಮತ್ತು ಅದರ ಪಾಸ್‌ವರ್ಡ್. ವರ್ಷಗಟ್ಟಲೆ ಪಿನ್‌ನಲ್ಲೇ ಓಡಿಸಿದವರಿಗೆ ಅದು ನೆನಪಿರುವುದಿಲ್ಲ ಬಿಡಿ. ಇನ್ನು ಕೆಲವರು ಪಾಸ್‌ವರ್ಡೇ ಇಲ್ಲದ ಅಕೌಂಟ್ ಇಟ್ಟಿರುತ್ತಾರೆ. ಖಾಲಿ ಪಾಸ್‌ವರ್ಡ್‌ನಲ್ಲಿ ನೆಟ್‌ವರ್ಕ್‌ನಿಂದ ಬರಲು ವಿಂಡೋಸ್ ಬಿಡುವುದಿಲ್ಲ.

ನಾನು ಎಲ್ಲ ಮನೆಯಲ್ಲೂ ಮಾಡುವುದು ಇದು. ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಫ್ಯಾಮಿಲಿ ಆಂಡ್ ಅದರ್ ಯೂಸರ್ಸ್‌ಗೆ ಹೋಗಿ, ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಒಬ್ಬ ಹೊಸ ಯೂಸರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ಜಾಗ ಬಿಡದೆ ಇರಲಿ. ಒಂದು ಗಟ್ಟಿ ಪಾಸ್‌ವರ್ಡ್ ಕೊಡಿ. ಈ ಯೂಸರ್ ಶೇರಿಂಗ್‌ಗೆ ಮಾತ್ರ. ಆಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಅಲ್ಲಿ ಎರಡು ಬಟನ್ ಇವೆ. ಬರೀ ಶೇರ್ ಅನ್ನುವ ಬಟನ್ ಒತ್ತಿ ಆ ಯೂಸರನ್ನು ಸೇರಿಸಿ, ಅಡ್ವಾನ್ಸ್‌ಡ್ ಶೇರಿಂಗ್ ಬೇಡ. ಯಾಕೆಂದರೆ ವಿಂಡೋಸ್‌ನಲ್ಲಿ ಅನುಮತಿ ಎರಡು ಕಡೆ ಇರುತ್ತದೆ. ಶೇರ್‌ನದು ಒಂದು, ಸೆಕ್ಯುರಿಟಿ ಟ್ಯಾಬ್‌ನಲ್ಲಿರುವ ಡಿಸ್ಕ್‌ನದು ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ. ಬರೀ ಶೇರ್ ಬಟನ್ ಎರಡನ್ನೂ ಒಟ್ಟಿಗೆ ಸರಿಮಾಡುತ್ತದೆ. ಅಡ್ವಾನ್ಸ್‌ಡ್ ಮುಟ್ಟುವುದು ಮೊದಲನೆಯದನ್ನು ಮಾತ್ರ. "ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟೆ, ಆದರೂ ಆಕ್ಸೆಸ್ ಡಿನೈಡ್" ಅಂತ ಬರುವವರ ಕಥೆ ಸಾಮಾನ್ಯವಾಗಿ ಇದೇ ಆಗಿರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಕೇಳಿದಾಗ ಡೆಸ್ಕ್‌ಟಾಪ್‌ನ ಹೆಸರು, ಒಂದು ಹಿಂಗೆರೆ, ಆಮೇಲೆ ಹೊಸ ಯೂಸರ್ ಹೆಸರು ಹಾಕಿ. ಮೊದಲು ತಪ್ಪು ಪಾಸ್‌ವರ್ಡ್ ಸೇವ್ ಆಗಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹುಡುಕಿ ಅಳಿಸಿ. ಇಲ್ಲದಿದ್ದರೆ ನೀವು ಎಷ್ಟು ಸರಿಯಾಗಿ ಟೈಪ್ ಮಾಡಿದರೂ ಅದು ಹಳೆಯದನ್ನೇ ಕಳಿಸುತ್ತಿರಬಹುದು.

ನಡುವೆ ಒಬ್ಬರು: ಇಷ್ಟೆಲ್ಲ ಯಾಕೆ ಸರ್, ವಿಂಡೋಸ್ ಫೀಚರ್ಸ್‌ನಲ್ಲಿ ಎಸ್‌ಎಂಬಿ 1.0 ಟಿಕ್ ಹಾಕಿ, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿದರೆ ಮುಗೀತು. ನಾನು ಹಾಗೇ ಮಾಡಿಕೊಂಡಿದ್ದೇನೆ.

ಉತ್ತರ: ದಯವಿಟ್ಟು ಆ ಟಿಕ್ ತೆಗೆಯಿರಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಜಗತ್ತಿನ ತುಂಬಾ ಹರಡಿದ್ದು ಇದೇ ಎಸ್‌ಎಂಬಿ 1ರ, ಅಂದರೆ ಎಸ್‌ಎಂಬಿಯ ಹಳೇ ಆವೃತ್ತಿಯ ತೂತಿನಿಂದ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ಕೆಲಸ ನಿಲ್ಲಿಸಬೇಕಾಯಿತು. ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿ ಪ್ಯಾಚ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709ನೇ ಆವೃತ್ತಿಯಿಂದ, ಹೊಸದಾಗಿ ವಿಂಡೋಸ್ ಹಾಕಿದರೆ ಎಸ್‌ಎಂಬಿ 1 ತಾನಾಗಿ ಬರುವುದಿಲ್ಲ. ಅದನ್ನು ಆನ್ ಮಾಡಿದಾಗ ಕೆಲವೊಮ್ಮೆ ಹೆಸರುಗಳು ಪಟ್ಟಿಗೆ ಬರುತ್ತವೆ, ನಿಜ. ಹಳೇ ಕಂಪ್ಯೂಟರ್ ಬ್ರೌಸರ್ ಸರ್ವಿಸ್ ಅದನ್ನೇ ನೆಚ್ಚಿಕೊಂಡಿತ್ತು, ಅದಕ್ಕೆ. ಹೆಸರು ಕಾಣಬೇಕು ಅಂದರೆ ಸರ್ವಿಸಸ್‌ನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್ ಹುಡುಕಿ ಆಟೋಮ್ಯಾಟಿಕ್ ಮಾಡಿ, ಸಾಕು. ಪಾಸ್‌ವರ್ಡ್ ಇಲ್ಲದ ಶೇರಿಂಗ್ ಬಗ್ಗೆ ಹೇಳುವುದಾದರೆ, ಮನೆಗೆ ಬಂದ ನೆಂಟರ ಫೋನೂ ಅದೇ ವೈಫೈನಲ್ಲಿ ಇರುತ್ತದೆ. ಸೈಟ್ ಪತ್ರ ಇರುವ ಫೋಲ್ಡರ್ ಅಲ್ವಾ ಇದು?

ಹುಬ್ಬಳ್ಳಿಯಿಂದ ಒಬ್ಬರು: ನಮ್ಮದು ಡಿಟಿಪಿ ಅಂಗಡಿ ಅಣ್ಣ, ಮನೆಯಲ್ಲೇ. ಒಂದು ವಿಂಡೋಸ್ ಎಕ್ಸ್‌ಪಿ ಮಷಿನ್ ಇನ್ನೂ ಐತಿ, ಹಳೇ ಲಗ್ನಪತ್ರಿಕೆ ಡಿಸೈನ್ ಎಲ್ಲ ಅದರಾಗ. ಹೊಸ ವಿಂಡೋಸ್ 11ರಿಂದ ಅದು ತೆರೀವಲ್ದು. ಪೆನ್‌ಡ್ರೈವ್‌ನಾಗ ತಂದರೆ ಫೈಲ್ ಬರ್ತಾವ, ಆದರೆ ಕನ್ನಡ ಎಲ್ಲ ವಿಚಿತ್ರ ಅಕ್ಷರ ಆಗಿರ್ತಾವ. ಫೈಲ್ ಕೆಟ್ಟಾವೇನು?

ಉತ್ತರ: ಎರಡು ಬೇರೆ ವಿಷಯ. ಎಕ್ಸ್‌ಪಿಗೆ ಎಸ್‌ಎಂಬಿ 1 ಬಿಟ್ಟು ಬೇರೆ ಭಾಷೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಹೊಸ ಮಷಿನ್ ಅದರ ಜೊತೆ ಮಾತಾಡುವುದಿಲ್ಲ, ಮಾತಾಡಿಸುವುದೂ ಬೇಡ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಸಪೋರ್ಟ್ ನಿಂತಿದೆ. ಅದರ ಇಂಟರ್ನೆಟ್ ಕೇಬಲ್ ತೆಗೆದುಬಿಡಿ, ಇರುವ ಡಿಸೈನ್ ಎಲ್ಲ ಒಂದೇ ಸಲ ಪೆನ್‌ಡ್ರೈವ್‌ನಲ್ಲಿ ಹೊಸದಕ್ಕೆ ಸಾಗಿಸಿ, ಪೆನ್‌ಡ್ರೈವನ್ನು ಒಮ್ಮೆ ಸ್ಕ್ಯಾನ್ ಮಾಡಿ.

ಫೈಲ್ ಕೆಟ್ಟಿಲ್ಲ. ಅವು ಹಳೇ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳೇ. ಆ ಫಾಂಟ್ ಇದ್ದಾಗ ಕನ್ನಡದ ಹಾಗೆ ಕಾಣುತ್ತವೆ. ಹೊಸ ಮಷಿನ್‌ಗೆ ಅದೇ ಫಾಂಟ್ ಹಾಕಿ, ಎಲ್ಲ ಮೊದಲಿನಂತೆ ಕಾಣುತ್ತದೆ. ಮುಂದಿನ ಕೆಲಸಕ್ಕೆ ಪಠ್ಯವನ್ನು ಕನ್ವರ್ಟರ್‌ನಲ್ಲಿ ಯುನಿಕೋಡ್ ಮಾಡಿಕೊಳ್ಳಿ, ಆದರೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಲ್ಲಿ ನೋಡಿ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಗೊತ್ತಲ್ಲ.

ಬೆಂಗಳೂರಿನಿಂದ ಒಬ್ಬರು: ಪಿಜಿಯಲ್ಲಿ ನಾನು, ರೂಮ್‌ಮೇಟ್ ಒಂದೇ ವೈಫೈ. ನಂಬರ್ ಕೂಡ ಒಂದೇ ಸಾಲಿನದು. ಆದರೂ ಪಿಂಗ್ (ಇನ್ನೊಂದು ಕಂಪ್ಯೂಟರ್ ಸಿಗುತ್ತಾ ಅಂತ ನೋಡುವ ಕಮಾಂಡ್) ಹೋಗಲ್ಲ.

ಉತ್ತರ: ಬಹುಶಃ ಅವರು ಕ್ಲೈಂಟ್ ಐಸೊಲೇಷನ್ ಹಾಕಿದ್ದಾರೆ. ಎಲ್ಲರಿಗೂ ಇಂಟರ್ನೆಟ್ ಸಿಗುತ್ತದೆ, ಒಬ್ಬರಿಗೊಬ್ಬರು ಸಿಗುವುದಿಲ್ಲ. ಪಿಜಿಯಲ್ಲಿ ಹಾಗೇ ಇರಬೇಕು. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಇಬ್ಬರೂ ಸೇರಿ ಕಾಪಿ ಮಾಡಿ. ಪಿಂಗ್ ಒಂದನ್ನೇ ನಂಬಬೇಡಿ, ವಿಂಡೋಸ್ ಫೈರ್‌ವಾಲ್ ಪಬ್ಲಿಕ್ ಪ್ರೊಫೈಲ್‌ನಲ್ಲಿ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಮನೆಯಲ್ಲೂ ಗೆಸ್ಟ್ ವೈಫೈಗೆ ಸೇರಿಕೊಂಡರೆ ಸಾಮಾನ್ಯವಾಗಿ ಇದೇ ಗತಿ.

ಇನ್ನೊಬ್ಬರು: ರೂಟರ್‌ಗೆ ಹಾರ್ಡ್‌ಡಿಸ್ಕ್ ಚುಚ್ಚಿ ಸಿನಿಮಾ ಇಟ್ಟಿದ್ದೆ. ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ಗೆಸ್ಟ್ ಆಕ್ಸೆಸ್ ಬ್ಲಾಕ್ ಆಗಿದೆ, ನಿಮ್ಮ ಸಂಸ್ಥೆಯ ಪಾಲಿಸಿ ಅಂತೇನೋ ಬರುತ್ತದೆ. ನನ್ನದು ಮನೆ ಕಂಪ್ಯೂಟರ್, ಸಂಸ್ಥೆ ಎಲ್ಲಿಂದ ಬಂತು?

ಉತ್ತರ: ಮೆಸೇಜ್ ಹಾಗೇ ಇದೆ, ಮನೆಯವರಿಗೂ ಅದೇ ತೋರಿಸುತ್ತದೆ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ವಿಂಡೋಸ್ 11 ಪ್ರೊನಲ್ಲಿ ಎರಡು ಬಿಗಿ ಬಂದಿವೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಲಾಗಿನ್ ಇಲ್ಲ, ಮತ್ತು ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶದ ಮೇಲೂ ಅಸಲಿ ಅನ್ನುವ ಗುರುತು) ಕಡ್ಡಾಯ. ರೂಟರ್‌ನ ಯುಎಸ್‌ಬಿ ಶೇರಿಂಗ್ ಪೇಜ್‌ನಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಇಡುವ ಆಯ್ಕೆ ಇದ್ದರೆ ಇಡಿ, ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಹಾಕಿ. ಆ ರೂಟರ್‌ಗೆ ಎಸ್‌ಎಂಬಿ 1 ಮಾತ್ರ ಬರುತ್ತದೆ ಅಂತಾದರೆ ಡಿಸ್ಕ್ ತೆಗೆದು ಟಿವಿಗೇ ಚುಚ್ಚಿ, ಸಿನಿಮಾ ತಾನೇ.

ಪ್ರಶ್ನೆ ಕೇಳಿದವರು: ಸರ್, ತೆರೆಯಿತು! ತುಂಬಾ ಥ್ಯಾಂಕ್ಸ್. ಎರಡು ಡೌಟ್. ಒಂದು, ಎಲ್ಲ ತೆರೆಯುತ್ತದೆ, ಆದರೆ ಯಜಮಾನರು ಆಮೇಲೆ ತಂದು ಹಾಕಿದ ಕೆಲವು ಫೋಟೋ ಮಾತ್ರ ಆಕ್ಸೆಸ್ ಡಿನೈಡ್ ಅನ್ನುತ್ತದೆ. ಇನ್ನೊಂದು, ಮದುವೆ ವಿಡಿಯೋ 50 ಜಿಬಿ ಇದೆ. ಮಹಡಿ ರೂಟರ್‌ಗೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲೇ ಹಾಕಿದ್ದೇವೆ, ಆದರೂ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ.

ಉತ್ತರ: ಆ ಫೋಟೋಗಳನ್ನು ಅವರು ಅದೇ ಡ್ರೈವ್‌ನ ಬೇರೆ ಫೋಲ್ಡರ್‌ನಿಂದ ಕಟ್ ಮಾಡಿ ಪೇಸ್ಟ್ ಮಾಡಿರಬೇಕು. ಒಂದೇ ಡ್ರೈವ್ ಒಳಗೆ ಸಾಗಿಸಿದರೆ ಫೈಲ್ ತನ್ನ ಹಳೇ ಅನುಮತಿಯನ್ನೇ ಹೊತ್ತುಕೊಂಡು ಬರಬಹುದು. ಕಾಪಿ ಮಾಡಿದರೆ ಹೊಸ ಫೋಲ್ಡರ್‌ನದು ತೆಗೆದುಕೊಳ್ಳುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಆ ಫೋಲ್ಡರ್‌ನ ಸೆಕ್ಯುರಿಟಿ, ಅಡ್ವಾನ್ಸ್‌ಡ್ ಒಳಗೆ, ಕೆಳಗೆ ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಅಂತ ಶುರುವಾಗುವ ಟಿಕ್ ಇದೆ, ಅದನ್ನು ಹಾಕಿ ಓಕೆ ಕೊಡಿ. ಶೇರ್ ಮಾಡಿದ ಫೋಲ್ಡರ್ ಮೇಲೆ ಮಾತ್ರ ಮಾಡಿ, ಇಡೀ ಸಿ ಡ್ರೈವ್ ಮೇಲೆ ಮಾಡಿದರೆ ನಿಜವಾಗಿಯೂ ವಿಂಡೋಸ್ ಮತ್ತೆ ಹಾಕಿಸಬೇಕಾಗುತ್ತದೆ.

11 ಎಂಬಿ ಅಂದ ಕೂಡಲೇ ಗೊತ್ತಾಯಿತು, ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಲಿಂಕ್ ಇದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ನೂರನ್ನು ಎಂಟರಿಂದ ಭಾಗಿಸಿ, ಸ್ವಲ್ಪ ಕಳೆಯಿರಿ, ಅದೇ 11. ಈ ವೇಗದಲ್ಲಿ 50 ಜಿಬಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಗಿಗಾಬಿಟ್ (1000 ಎಂಬಿಪಿಎಸ್) ಇದ್ದರೆ, ಡಿಸ್ಕ್ ಅಷ್ಟು ಓಡಿದರೆ, ಎಂಟು ಹತ್ತು ನಿಮಿಷದ ಕೆಲಸ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು, ನೂರಕ್ಕೆ ನಾಲ್ಕು ಸಾಕು. ಕೇಬಲ್ ಎಳೆದವರು ಕನೆಕ್ಟರ್‌ನಲ್ಲಿ ಒಂದು ತಂತಿ ಸರಿಯಾಗಿ ಕೂರಿಸದಿದ್ದರೂ ಅದು ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ, ಇಂಟರ್ನೆಟ್ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಅಗ್ಗದ ರೂಟರ್‌ಗಳಲ್ಲಿ ಪೋರ್ಟೇ ನೂರರದ್ದು ಇರುವುದೂ ಉಂಟು, ಡಬ್ಬಿ ಮೇಲೆ ಬರೆದಿರುತ್ತದೆ ನೋಡಿ. ಮೊದಲು ಎರಡೂ ಕಂಪ್ಯೂಟರ್‌ನಲ್ಲಿ ಈಥರ್‌ನೆಟ್ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ ಎಷ್ಟು ತೋರಿಸುತ್ತದೆ ಅಂತ ಇಲ್ಲಿ ಹಾಕಿ, ಎರಡು ಕಡೆಯೂ 1000 ಇದ್ದರೆ ಮಹಡಿಗೆ ಎಳೆದ ಕೇಬಲ್ ನೋಡೋಣ. ವಿಡಿಯೋ ಇವತ್ತೇ ಬೇಕಿದ್ದರೆ ಲ್ಯಾಪ್‌ಟಾಪ್ ಕೆಳಗೆ ತಂದು, ಕೆಳಗಿನ ರೂಟರ್‌ಗೇ ಕೇಬಲ್‌ನಲ್ಲಿ ಸೇರಿಸಿ ಕಾಪಿಗೆ ಹಾಕಿ. ಮುಗಿಯುವ ತನಕ ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್‌ನಲ್ಲಿ ನೆವರ್ ಇಟ್ಟುಕೊಳ್ಳಿ.