ನಿನ್ನೆಯವರೆಗಿನ ಸಹೋದ್ಯೋಗಿಗಳಿಗೆ ಇಂದು ಮುಖ್ಯ ಶಿಕ್ಷಕಿ: ವಿನಯ ಎಲ್ಲಿಯವರೆಗೆ?

ಪ್ರಶ್ನೆ: ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು ವಯೋನಿವೃತ್ತಿ ಹೊಂದಿದ್ದಾರೆ. ನನಗಿಂತ ಹಿರಿಯರಾದ ಸಹಶಿಕ್ಷಕರೊಬ್ಬರು ಆರೋಗ್ಯದ ಕಾರಣ ನೀಡಿ ಬೇಡವೆಂದು ಬರೆದುಕೊಟ್ಟಿದ್ದರಿಂದ ಪ್ರಭಾರ ನನ್ನ ಪಾಲಿಗೆ ಬಂದಿದೆ. ಇಷ್ಟು ವರ್ಷ ಒಂದೇ ಕೊಠಡಿಯಲ್ಲಿ ಕುಳಿತು ಬುತ್ತಿ ಹಂಚಿಕೊಂಡು ಉಂಡವರ ಮೇಲೆ ಅಧಿಕಾರ ಚಲಾಯಿಸಲು ನನಗೆ ಮನಸ್ಸಿಲ್ಲ. ಹಾಗಾಗಿ ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲಾತಿ, ಬಿಸಿಯೂಟದ ಲೆಕ್ಕ, ಕಚೇರಿಗೆ ಕಳುಹಿಸುವ ಮಾಹಿತಿ ಎಲ್ಲವನ್ನೂ ಯಾರಿಗೂ ಹೇಳದೆ ನಾನೇ ಮಾಡುತ್ತಿದ್ದೇನೆ. ಆದರೆ ಒಬ್ಬರು ಪ್ರಾರ್ಥನೆ ಮುಗಿದ ಮೇಲೆಯೇ ಬರುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಕೇಳಿದರೆ, 'ಕುರ್ಚಿ ಸಿಕ್ಕ ಕೂಡಲೇ ಬದಲಾದಿರಿ ಮೇಡಂ' ಎಂಬ ಮಾತು ಬರುತ್ತದೆ. ವಿನಯದಿಂದಲೂ ಇರಬೇಕು, ಶಾಲೆಯೂ ನಡೆಯಬೇಕು ಎಂದರೆ ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ ಜಿಲ್ಲೆ

ಮೇಡಂ, ತಾವು ವಿನಯವನ್ನು ಮಾತಿನಲ್ಲಿ ಹುಡುಕುತ್ತಿದ್ದೀರಿ ಎನಿಸುತ್ತದೆ. ನನ್ನ ಅನುಭವದಲ್ಲಿ ಅದು ವಹಿಗಳಲ್ಲಿ ಕಾಣಬೇಕು. ಮುಖ್ಯ ಶಿಕ್ಷಕರ ಕೈಗೆ ಬರುವ ಬೀರುವಿನ ಕೀಲಿ, ನಗದು ಪುಸ್ತಕ, ದಾಸ್ತಾನು ವಹಿ, ಅಕ್ಕಿ, ಎಣ್ಣೆ, ಹಾಲಿನ ಪುಡಿ ಇವುಗಳಲ್ಲಿ ಯಾವುದೂ ಅವರದಲ್ಲ. ವರ್ಗಾವಣೆಯೋ ನಿವೃತ್ತಿಯೋ ಆದ ದಿನ ಎಲ್ಲವನ್ನೂ ಎಣಿಸಿ ಇನ್ನೊಬ್ಬರಿಗೆ ಒಪ್ಪಿಸಿಯೇ ಹೊರಡಬೇಕು.

ಅಡುಗೆಮನೆಯ ಒಂದು ಉದಾಹರಣೆ ಹೇಳುತ್ತೇನೆ. ಬಿಸಿಯೂಟಕ್ಕೆ 1ರಿಂದ 5ನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಅದಕ್ಕೂ ಮೇಲಿನ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯವೆಂಬ ನಿಯಮವಿದೆ. ಕೆಳಗಿನ ತರಗತಿಗಳಲ್ಲಿ 60, ಮೇಲಿನವುಗಳಲ್ಲಿ 40 ಮಕ್ಕಳು ಹಾಜರಿದ್ದರೆ 12 ಕಿಲೋ ಅಕ್ಕಿ. ನಮ್ಮ ಶಾಲೆಯಲ್ಲಿ ಹಾಜರಾತಿ ಮುಗಿದೊಡನೆ ಈ ಸಂಖ್ಯೆಗಳನ್ನು ಏಳನೇ ತರಗತಿಯ ಮಕ್ಕಳೇ ಅಡುಗೆಮನೆಯ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದರು. ಮುಖ್ಯ ಅಡುಗೆಯವರು ಅದನ್ನು ನೋಡಿ ಎಲ್ಲರ ಎದುರಿಗೆ ತಕ್ಕಡಿಯಲ್ಲಿ ತೂಗುತ್ತಿದ್ದರು. ನಾನಿದ್ದ ಕಾಲದಲ್ಲಿ ಬಿಸಿಯೂಟದ ಖಾತೆಯ ಚೆಕ್ಕಿಗೆ ನನ್ನೊಂದಿಗೆ ಅವರ ಸಹಿಯೂ ಬೇಕಿತ್ತು. ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿಸಿಟ್ಟುಕೊಳ್ಳುವ ಪದ್ಧತಿ ಕೆಲವೆಡೆ ಇತ್ತು. ಅದು ಲೆಕ್ಕದ ಶಿಸ್ತಿಗೂ ವಿರುದ್ಧ, ಆ ತಾಯಿಗೂ ಅವಮಾನ. ಯಾರಿಗೆ, ಎಷ್ಟು, ಯಾತಕ್ಕೆ ಎಂಬುದನ್ನು ಓದಿ ಹೇಳಿ, ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟ ಮೇಲೆ ಸಹಿ ಪಡೆಯಲು ಐದು ನಿಮಿಷ ಸಾಕು. ಲೆಕ್ಕದ ವಿಷಯದಲ್ಲಿ ಪ್ರಶ್ನೆ ಕೇಳುವ ಹಕ್ಕು ಅಡುಗೆಯವರಿಗೂ ಇದೆ ಎಂದು ಒಪ್ಪಿದ ಮುಖ್ಯ ಶಿಕ್ಷಕರನ್ನು ಕುರ್ಚಿಯ ಮದ ಏರಿದವರೆಂದು ಯಾರೂ ಅನ್ನಲಾರರು.

ಉತ್ತರ 2: ಸಮೂಹ ಸಂಪನ್ಮೂಲ ವ್ಯಕ್ತಿ (ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ನೀಡುವವರು), ತುಮಕೂರು ಜಿಲ್ಲೆ

ಹಿರಿಯರ ಮಾತಿಗೆ ನನ್ನ ಸಹಮತವಿದೆ. ಆದರೆ ಕೇಳಿದ ಪ್ರಶ್ನೆ ತಡವಾಗಿ ಬರುವವರ ಬಗ್ಗೆಯೂ ಇತ್ತು. ಮೇಡಂ, ಕಠಿಣವಾಗಿ ಹೇಳುತ್ತಿದ್ದೇನೆ, ಬೇಸರಿಸಬೇಡಿ. ಎಲ್ಲ ಕೆಲಸವನ್ನೂ ತಾವೊಬ್ಬರೇ ಹೊತ್ತುಕೊಳ್ಳುವುದನ್ನು ನಾನು ವಿನಯವೆಂದು ಕರೆಯಲಾರೆ. ನಾಳೆ ತಾವು ಎರಡು ವಾರ ರಜೆ ಹಾಕಿದರೆ ಸ್ಯಾಟ್ಸ್ ತೆರೆಯಲು ಬಲ್ಲವರು ಆ ಶಾಲೆಯಲ್ಲಿ ಇನ್ನೊಬ್ಬರಿರುವುದಿಲ್ಲ. ಸಹೋದ್ಯೋಗಿಗಳಿಗೆ ಕೆಲಸ ಕಲಿಯುವ ಅವಕಾಶವೂ ತಪ್ಪುತ್ತದೆ, ತಮ್ಮ ತರಗತಿಯ ಪಾಠವೂ ಹಿಂದೆ ಬೀಳುತ್ತದೆ. ಸಭೆ ಕರೆದು, ಯಾವ ಕೆಲಸ ಯಾರಿಗೆ ಎಂದು ಅವರವರಿಂದಲೇ ಹೇಳಿಸಿ, ನಡವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ಎಲ್ಲರೂ ಹಿಂಜರಿಯುವ ಕೆಲಸವಿದ್ದರೆ ಮೊದಲು ತಮ್ಮ ಹೆಸರನ್ನು ಬರೆದುಕೊಳ್ಳಿ. ಬಹಳಷ್ಟು ಶಾಲೆಗಳಲ್ಲಿ ಅದು ನಲಿ-ಕಲಿ ತರಗತಿ (ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಗಳ ಮೂಲಕ ಕಲಿಯುವುದು) ಅಥವಾ ಊಟದ ನಂತರದ ಮೊದಲ ಅವಧಿ. ಅದನ್ನು ತಾವು ವಹಿಸಿಕೊಂಡ ಮೇಲೆ ಉಳಿದದ್ದನ್ನು ಹಂಚುವಾಗ ಗೊಣಗಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ.

ಇನ್ನು ತಡವಾಗಿ ಬರುವವರನ್ನು ಒಬ್ಬರೇ ಇದ್ದಾಗ ಕೂರಿಸಿಕೊಂಡು, ಕಾರಣವೇನೆಂದು ನಿಜವಾಗಿಯೂ ತಿಳಿದುಕೊಳ್ಳುವ ಉದ್ದೇಶದಿಂದ ಕೇಳಿ. ಬಸ್ಸಿನ ವೇಳೆ ಇರಬಹುದು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರಬಹುದು. ದಾರಿ ಇದ್ದರೆ ವೇಳಾಪಟ್ಟಿಯಲ್ಲಿ ಸರಿಹೊಂದಿಸಿ. ಅದಾದ ಮೇಲೂ ಮುಂದುವರಿದರೆ ಹಾಜರಿ ಪುಸ್ತಕದಲ್ಲಿ ಬಂದ ವೇಳೆಯನ್ನೇ ಬರೆಯಿರಿ, ಗದರಬೇಡಿ. ಶಿಕ್ಷಕರಿಲ್ಲದೆ ಕುಳಿತಿರುವುದು ಮಕ್ಕಳು. ಅವರ ಪರವಾಗಿ ಉದಾರವಾಗಿರಲು ನಮಗೆ ಅಧಿಕಾರವಿಲ್ಲ.

ಉತ್ತರ 3: ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಾನು ಶಿಕ್ಷಕನಲ್ಲ, ಆದರೂ ಒಂದು ಮಾತು. 1979ರ ಆಗಸ್ಟ್ 10ರಂದು ಉಪಗ್ರಹ ಉಡಾವಣಾ ರಾಕೆಟ್ ಎಸ್‌ಎಲ್‌ವಿ-3ರ ಮೊದಲ ಉಡಾವಣೆ ವಿಫಲವಾದಾಗ ಪತ್ರಕರ್ತರ ಮುಂದೆ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಯಶಸ್ವಿಯಾದಾಗ ಅವರು ಮಾತನಾಡಲು ಮುಂದೆ ಬಿಟ್ಟದ್ದು ಯೋಜನಾ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರನ್ನು. ತಂಡ ನಡೆಸುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಉತ್ತರ 4: ಸಮೂಹ ಸಂಪನ್ಮೂಲ ವ್ಯಕ್ತಿ, ತುಮಕೂರು ಜಿಲ್ಲೆ

ಒಳ್ಳೆಯ ನೆನಪು ಸರ್. ಆದರೆ ನಮ್ಮ ಶಾಲೆಗೆ ಪತ್ರಕರ್ತರು ಬರುವುದಿಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಬರುತ್ತಾರೆ. ಅವರು ಯಾರದೋ ಪಾಠ ಯೋಜನೆ ಅಪೂರ್ಣವೆಂದು ಎತ್ತಿ ತೋರಿಸಿದಾಗ, 'ನಾನು ಪರಿಶೀಲಿಸಬೇಕಿತ್ತು, ಇಂತಿಷ್ಟು ದಿನದೊಳಗೆ ಪೂರ್ಣಗೊಳಿಸುತ್ತೇವೆ' ಎನ್ನುವವರೂ ಇದ್ದಾರೆ, 'ನಾನು ಹೇಳಿದೆ ಸರ್, ಅವರು ಕೇಳುವುದಿಲ್ಲ' ಎನ್ನುವವರೂ ಇದ್ದಾರೆ. ಎರಡನೆಯವರ ಶಾಲೆಯಲ್ಲಿ ಮರುದಿನ ಶಿಕ್ಷಕರ ಕೊಠಡಿ ಹೇಗಿರುತ್ತದೆಂದು ನಾನು ಕಂಡಿದ್ದೇನೆ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಲ್ಲಿ ಮಕ್ಕಳು ಬಹುಮಾನ ಪಡೆದರೆ, ತರಬೇತಿ ಕೊಟ್ಟ ಶಿಕ್ಷಕರನ್ನೇ ಮಕ್ಕಳೊಂದಿಗೆ ಫೋಟೊದಲ್ಲಿ ನಿಲ್ಲಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸೋಮವಾರ ಸಭೆ ಕರೆಯುತ್ತೇನೆ. ಒಂದು ಸಂದೇಹ ಉಳಿದಿದೆ: ಪ್ರಭಾರ ಬೇಡವೆಂದ ಹಿರಿಯ ಸಹಶಿಕ್ಷಕರಿಗೆ ಕೆಲಸ ಹಂಚುವುದು ಹೇಗೆ? ಅವರು ನನಗೆ ಗುರುಸಮಾನರು.

ಉತ್ತರ 5: ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ ಜಿಲ್ಲೆ

ಸಭೆಗೆ ಮೊದಲೇ ಅವರ ಬಳಿ ಹೋಗಿ ಸಲಹೆ ಕೇಳಿ, ಮೇಡಂ. ಆರೋಗ್ಯದ ಕಾರಣಕ್ಕೆ ಓಡಾಟ ಬೇಡವೆಂದವರು ಗ್ರಂಥಾಲಯವನ್ನೋ ದಾಸ್ತಾನು ಪರಿಶೀಲನೆಯನ್ನೋ ಸಂತೋಷದಿಂದ ಒಪ್ಪಬಹುದು. ಹಿಂದಿನವರಿಂದ ಬಂದ ಚಾರ್ಜ್ ಪಟ್ಟಿಗೆ (ಒಪ್ಪಿಸಿದ ಸಾಮಾನುಗಳ ಪಟ್ಟಿ) ತಾವು ಇನ್ನೂ ಸಹಿ ಮಾಡಿರದಿದ್ದರೆ, ಆ ಹಿರಿಯರನ್ನೇ ಜೊತೆಗೆ ಕೂರಿಸಿಕೊಂಡು ಪುಸ್ತಕ, ಆಟದ ಸಾಮಾನು, ಪಾತ್ರೆಗಳನ್ನು ಒಂದೊಂದಾಗಿ ಎಣಿಸಿ. ಕಡಿಮೆ ಬಿದ್ದದ್ದನ್ನು ಷರಾ ಅಂಕಣದಲ್ಲಿ ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಗಮನಕ್ಕೆ ತಂದ ನಂತರವೇ ಸಹಿ ಮಾಡಿ.