ಸ್ನೋಮೊಬೈಲ್ ಕ್ಲಚ್: ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ

ಕಡೂರಿನವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿರುವ ಹೌಟನ್ ಊರಿನಲ್ಲಿ ನಾಲ್ಕು ವರ್ಷಗಳಿಂದ ನೆಲೆಸಿದ್ದೇನೆ. ಸುಪೀರಿಯರ್ ಸರೋವರವನ್ನು ದಾಟಿ ಬರುವ ಗಾಳಿ ಇಲ್ಲಿ ಪ್ರತಿ ಚಳಿಗಾಲದಲ್ಲೂ ಆಳೆತ್ತರಕ್ಕಿಂತ ಹೆಚ್ಚು ಹಿಮ ಸುರಿಸುವುದರಿಂದ, ನಮ್ಮಲ್ಲಿ ಮನೆಗೊಂದು ಬೈಕ್ ಇರುವಂತೆ ಇಲ್ಲಿ ಮನೆಗೊಂದು ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ, ಸ್ಲೆಡ್ ಎಂದೂ ಕರೆಯುತ್ತಾರೆ) ಇರುತ್ತದೆ. ಕಳೆದ ವರ್ಷ ನಾನೂ ಒಂದು ಹಳೆಯ ಸ್ಲೆಡ್ ಕೊಂಡೆ. 800 ಸಿಸಿಯ ಎರಡು ಸ್ಟ್ರೋಕ್ ಎಂಜಿನ್, ಫ್ಯೂಯಲ್ ಇಂಜೆಕ್ಷನ್, 155 ಇಂಚಿನ ಟ್ರ್ಯಾಕ್ (ಚಕ್ರದ ಬದಲು ಗಾಡಿಯನ್ನು ತಳ್ಳುವ ರಬ್ಬರ್ ಪಟ್ಟಿ).

ತೊಂದರೆ ಏನೆಂದರೆ, ನಿಂತಲ್ಲಿಂದ ಪೂರ್ತಿ ಥ್ರಾಟಲ್ ಒತ್ತಿದಾಗ ಎಂಜಿನ್ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ, ಆದರೆ ಗಾಡಿಗೆ ಪಿಕಪ್ ಇಲ್ಲ. ನನ್ನ ಸಹೋದ್ಯೋಗಿಯ 800 ಸಿಸಿ ಸ್ಲೆಡ್ಡಿನ ಜೊತೆ ಅವನ ಹೊಲದಲ್ಲಿ ಇನ್ನೂರು ಮೀಟರ್ ಓಡಿಸಿದರೆ ನಾನು ಮೂರು ಗಾಡಿಯ ಉದ್ದ ಹಿಂದೆ ಬೀಳುತ್ತೇನೆ. ಮೀಟರ್ 8,600ರಿಂದ 8,700 ಆರ್‌ಪಿಎಂ ತೋರಿಸುತ್ತದೆ. ಕೈಪಿಡಿ 8,250 ಇರಬೇಕು ಎನ್ನುತ್ತದೆ. ಆರ್‌ಪಿಎಂ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚಿರಬೇಕಲ್ಲವೇ ಎಂಬುದು ನನ್ನ ಗೊಂದಲ.

ಬೆಂಗಳೂರಿನಲ್ಲಿದ್ದಾಗ ಸ್ಕೂಟರಿನ ವೇರಿಯೇಟರಿಗೆ (ಎಂಜಿನ್ ಕಡೆಯ ಬೆಲ್ಟ್ ಪುಲ್ಲಿಗೆ) ಹಗುರವಾದ ರೋಲರ್ ಹಾಕಿಸಿದ್ದೆ, ಪಿಕಪ್ ನಿಜಕ್ಕೂ ಚುರುಕಾಗಿತ್ತು. ಇಲ್ಲಿಯ ಒಂದು ಅಂಗಡಿಯವರೂ ಹಗುರವಾದ ವೇಟ್‌ಗಳು ಮತ್ತು ಬಿಗಿಯಾದ ಸ್ಪ್ರಿಂಗ್ ಇರುವ ಕಿಟ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಹಿಮದ ಮೇಸ್ತ್ರಿ

ದಯವಿಟ್ಟು ಕೊಳ್ಳಬೇಡಿ. ನಿಮ್ಮ ಸಮಸ್ಯೆಗೆ ಬೇಕಾಗಿರುವುದು ಅದಕ್ಕೆ ಸರಿಯಾಗಿ ವಿರುದ್ಧವಾದ ಮದ್ದು.

ಸ್ನೋಮೊಬೈಲಿನಲ್ಲಿ ಗೇರ್‌ಗಳಿಲ್ಲ, ಕ್ರ್ಯಾಂಕಿನ ತುದಿಯಲ್ಲಿ ಪ್ರೈಮರಿ ಕ್ಲಚ್, ಟ್ರ್ಯಾಕಿನ ಕಡೆಗೆ ಸೆಕೆಂಡರಿ ಕ್ಲಚ್, ಈ ಎರಡು ಪುಲ್ಲಿಗಳ ನಡುವೆ ಒಂದು ಅಗಲವಾದ ರಬ್ಬರ್ ಬೆಲ್ಟ್ ಇರುತ್ತದೆ. ಪ್ರೈಮರಿಯೊಳಗಿನ ವೇಟ್‌ಗಳು ತಿರುಗುವ ರಭಸಕ್ಕೆ ಹೊರಕ್ಕೆ ಚಿಮ್ಮಿ ಪುಲ್ಲಿಯ ಚಲಿಸುವ ತಟ್ಟೆಯನ್ನು ಒತ್ತುತ್ತವೆ, ಒಳಗಿನ ಸ್ಪ್ರಿಂಗ್ ಅದನ್ನು ತಡೆಯುತ್ತದೆ, ಒತ್ತಡ ಗೆದ್ದಂತೆಲ್ಲ ಬೆಲ್ಟ್ ಮೇಲೇರುತ್ತಾ ಅನುಪಾತ ಬದಲಾಗುತ್ತದೆ. ಆದ್ದರಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಥ್ರಾಟಲ್ ಒತ್ತುವ ನಿಮ್ಮ ಹೆಬ್ಬೆರಳಲ್ಲ, ಆ ವೇಟ್‌ಗಳು. ವೇಟ್ ಭಾರವಾದರೆ ಬೆಲ್ಟ್ ಬೇಗ ಮೇಲೇರಿ ಎಂಜಿನ್ನಿನ ಮೇಲೆ ಹೊರೆ ಬೀಳುತ್ತದೆ, ಆರ್‌ಪಿಎಂ ಇಳಿಯುತ್ತದೆ. ಹಗುರವಾದರೆ ಅಷ್ಟೇ ಒತ್ತಡ ಹುಟ್ಟಿಸಲು ಎಂಜಿನ್ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ.

ಇನ್ನು ಆರ್‌ಪಿಎಂ ಹೆಚ್ಚಾದಷ್ಟೂ ಶಕ್ತಿ ಹೆಚ್ಚು ಎಂಬುದು ಒಂದು ಮಿತಿಯವರೆಗೆ ಮಾತ್ರ ನಿಜ. ಎರಡು ಸ್ಟ್ರೋಕ್ ಎಂಜಿನ್ನಿನ ಹೊಟ್ಟೆ ಉಬ್ಬಿದ ಸೈಲೆನ್ಸರ್ ಪೈಪನ್ನು ನೋಡಿರುತ್ತೀರಿ. ಅದರ ಗೋಡೆಗೆ ಬಡಿದು ಹಿಂದಿರುಗುವ ಒತ್ತಡದ ಅಲೆಯು, ಹೊರಗೆ ಜಾರಿಹೋಗುತ್ತಿರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳುತ್ತದೆ. ಈ ತಾಳ ಕೂಡುವುದು ಕೆಲವೇ ನೂರು ಆರ್‌ಪಿಎಂಗಳ ಅಂತರದಲ್ಲಿ. ಅದನ್ನು ದಾಟಿದರೆ ಅಲೆ ತಡವಾಗಿ ಬರುತ್ತದೆ, ಶಬ್ದ ಹೆಚ್ಚಾಗಿ ಎಳೆತ ತಟ್ಟನೆ ಕುಸಿಯುತ್ತದೆ. ನೀವು ಶಿಖರವನ್ನು ದಾಟಿ ಆಚೆಯ ಇಳಿಜಾರಿನಲ್ಲಿ ಓಡಿಸುತ್ತಿದ್ದೀರಿ.

ಒಂದು ಪ್ರಶ್ನೆ: ಈ ಗಾಡಿ ನಿಮ್ಮ ಕೈಗೆ ಬರುವ ಮೊದಲು ಎಲ್ಲಿ ಓಡುತ್ತಿತ್ತು?

ಕಡೂರಿನವನು

ಮೊದಲ ಮಾಲೀಕರು ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ ಊರಿನವರು. ನಾನು ಕೊಂಡದ್ದು ಇಲ್ಲಿಯ ಒಬ್ಬ ಮಧ್ಯವರ್ತಿಯಿಂದ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಹಿಮದ ಮೇಸ್ತ್ರಿ

ಕಾರಣ ಅಲ್ಲೇ ಇದೆ. ವೆಸ್ಟ್ ಯೆಲ್ಲೋಸ್ಟೋನ್ ಸಮುದ್ರ ಮಟ್ಟದಿಂದ 6,600 ಅಡಿಗೂ ಎತ್ತರದಲ್ಲಿದೆ, ಜನ ಸ್ಲೆಡ್ ಓಡಿಸುವ ಬೆಟ್ಟಗಳಂತೂ ಇನ್ನೂ ಎತ್ತರ. ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ನಾವೆಲ್ಲ ಬಳಸುವ ಲೆಕ್ಕ; ಅಂದರೆ ಅಲ್ಲಿ ಸುಮಾರು ಐದರಲ್ಲೊಂದು ಪಾಲು ಶಕ್ತಿ ಇಲ್ಲ. ಆ ಬಡವಾದ ಎಂಜಿನ್ನಿಗೆ ಹೊಂದುವಂತೆ ಅಲ್ಲಿಯವರು ಹಗುರ ವೇಟ್‌ಗಳನ್ನು ಹಾಕುತ್ತಾರೆ. ಹೌಟನ್ ಇರುವುದು ಸಾವಿರ ಅಡಿಗಿಂತ ಕೆಳಗೆ. ದಟ್ಟವಾದ ತಣ್ಣನೆಯ ಗಾಳಿಯಲ್ಲಿ ಎಂಜಿನ್ನಿಗೆ ಪೂರ್ಣ ಬಲ ಬಂದಿದೆ, ಅದನ್ನು ಹಿಡಿದು ನಿಲ್ಲಿಸುವ ಭಾರ ಮಾತ್ರ ಕ್ಲಚ್ಚಿನಲ್ಲಿಲ್ಲ. ಇಂಧನವನ್ನು ಸೆನ್ಸರ್‌ಗಳೇ ನೋಡಿಕೊಳ್ಳುತ್ತವೆ, ವೇಟ್‌ಗಳನ್ನು ಯಾವ ಸೆನ್ಸರೂ ಬದಲಾಯಿಸುವುದಿಲ್ಲ.

ಪ್ರೈಮರಿಯ ಮುಚ್ಚಳ ತೆಗೆದು ವೇಟ್‌ಗಳ ಮೇಲೆ ಕೊರೆದಿರುವ ಸಂಖ್ಯೆ ನೋಡಿ, ಕೈಪಿಡಿಯ ಎತ್ತರದ ಪಟ್ಟಿಯ ಜೊತೆ ಹೋಲಿಸಿ. ಒಂದು ಗ್ರಾಂ ಬದಲಾವಣೆಗೆ ಸುಮಾರು 100 ಆರ್‌ಪಿಎಂ ಏರುಪೇರಾಗುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಚ್ಚಳದ ಕೆಳಗೆ ಸ್ಪ್ರಿಂಗ್ ಅದುಮಿ ಕೂತಿರುತ್ತದೆ, ಆದ್ದರಿಂದ ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ತೆಗೆಯುವ ಮೊದಲು ಮುಚ್ಚಳಕ್ಕೂ ತಟ್ಟೆಗೂ ಒಂದೇ ನೇರದಲ್ಲಿ ಗುರುತು ಹಾಕಿ. ತಪ್ಪಾಗಿ ಕೂರಿಸಿದರೆ ಸಮತೋಲ ಕೆಟ್ಟು ಕ್ರ್ಯಾಂಕಿನ ಬೇರಿಂಗ್ ಹಾಳಾಗುತ್ತದೆ.

ಮಲ್ಲೇಶ್ವರದ ಮೆಕ್ಯಾನಿಕ್

ನಾನು ಹಿಮ ಕಂಡವನಲ್ಲ, ಆದರೆ ಇಪ್ಪತ್ತು ವರ್ಷಗಳಿಂದ ಸ್ಕೂಟರ್ ಬಿಚ್ಚುತ್ತಿದ್ದೇನೆ. ಪ್ರಶ್ನೆ ಕೇಳಿದವರ ರೋಲರ್ ಅನುಭವ ಸುಳ್ಳಲ್ಲ ಎಂದು ಹೇಳಲೇಬೇಕು. ನಮ್ಮ ಸ್ಕೂಟರ್‌ಗಳನ್ನು ಮೈಲೇಜಿಗಾಗಿ ಹೊಂದಿಸಿರುತ್ತಾರೆ. ಭಾರದ ರೋಲರ್ ಹಾಕಿ, ಗರಿಷ್ಠ ಶಕ್ತಿಯ ಆರ್‌ಪಿಎಂಗಿಂತ ಸಾಕಷ್ಟು ಕೆಳಗೇ ಎಂಜಿನ್ನನ್ನು ತಡೆದಿರುತ್ತಾರೆ. ರೋಲರ್ ಹಗುರ ಮಾಡಿದರೆ ಎಂಜಿನ್ ಶಿಖರದ ಕಡೆಗೆ ಏರುತ್ತದೆ, ಪಿಕಪ್ ಬರುತ್ತದೆ, ಜೊತೆಗೆ ಗಿರಾಕಿ ಮೈಲೇಜ್ ಬಿತ್ತೆಂದು ಎರಡನೇ ವಾರಕ್ಕೆ ವಾಪಸ್ಸೂ ಬರುತ್ತಾನೆ. ನಿಮ್ಮ ಸ್ಲೆಡ್ ಈಗಾಗಲೇ ಶಿಖರದ ಆಚೆಗಿದೆ. ಸೂತ್ರ ಒಂದೇ, ನೀವು ನಿಂತಿರುವ ಬದಿ ಬೇರೆ.

ಇನ್ನೊಂದು ವ್ಯತ್ಯಾಸವಿದೆ. ಸ್ಕೂಟರಿನಲ್ಲಿ ಗಾಡಿಯನ್ನು ಹೊರಡಿಸುವ ಕ್ಲಚ್ ಹಿಂದಿನ ಚಕ್ರದ ಬಳಿ ಬೇರೆಯೇ ಇರುತ್ತದೆ. ನಿಮ್ಮದರಲ್ಲಿ ಪ್ರೈಮರಿಯೇ ಬೆಲ್ಟನ್ನು ಹಿಡಿದು ಗಾಡಿ ಹೊರಡಿಸುವುದೆಂದು ಓದಿದ್ದೇನೆ, ಆದ್ದರಿಂದ ಬೆಲ್ಟ್ ಜಾರಿದರೆ ಹೊರಡುವ ಕ್ಷಣದಲ್ಲೇ ಪೆಟ್ಟು ಬೀಳುತ್ತದೆ.

ಡುಲೂತ್ ಕನ್ನಡಿಗ

ವೇಟ್ ವಿಷಯದಲ್ಲಿ ಮೇಸ್ತ್ರಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಿಸುವುದನ್ನು ಒಪ್ಪುವುದಿಲ್ಲ. ವೇಟ್ ಮುಟ್ಟುವ ಮೊದಲು ಬೆಲ್ಟ್ ನೋಡಬೇಕು. ಗಾಡಿ ನಿಂತಿದ್ದಾಗ ಬೆಲ್ಟಿನ ಹೊರಮೈ ಸೆಕೆಂಡರಿ ಪುಲ್ಲಿಯ ಅಂಚಿಗೆ ಸಮನಾಗಿರಬೇಕು, ಇಲ್ಲವೇ ತುಸು ಮೇಲಿರಬೇಕು. ಸವೆದು ಕಿರಿದಾದ ಬೆಲ್ಟ್ ಪುಲ್ಲಿಯೊಳಗೆ ತಗ್ಗಿ ಕೂರುತ್ತದೆ. ಆಗ ನೀವು ಸೆಕೆಂಡ್ ಗೇರಿನಲ್ಲಿ ಬೈಕ್ ಹೊರಡಿಸಿದಂತೆ. ಬೆಲ್ಟಿನ ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರಿದೆ ಎಂದೇ ಅರ್ಥ.

ಓಡಿಸಿ ಬಂದ ತಕ್ಷಣ ಎಂಜಿನ್ ಆರಿಸಿ, ಎರಡೂ ಪುಲ್ಲಿಗಳ ಬಳಿ ಅಂಗೈ ಹಿಡಿದು ನೋಡಿ. ಸೆಕೆಂಡರಿ ಹೆಚ್ಚು ಕಾದಿದ್ದರೆ ಅದರ ಸ್ಪ್ರಿಂಗ್ ಸೋತು ಬೆಲ್ಟನ್ನು ಸಾಕಷ್ಟು ಹಿಚುಕುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ: ಪ್ರೈಮರಿ ತಟ್ಟೆಯ ಒಳಮೈಗೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು ಒಮ್ಮೆ ಪೂರ್ತಿ ಥ್ರಾಟಲಿನಲ್ಲಿ ಓಡಿಸಿ. ಬೆಲ್ಟ್ ಎಲ್ಲಿಯವರೆಗೆ ಏರಿದೆಯೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಕ್ಲಚ್ ಪೂರ್ತಿ ಶಿಫ್ಟ್ ಆಗುತ್ತಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಸ್ಪ್ರಿಂಗನ್ನು ಸದ್ಯಕ್ಕೆ ಮುಟ್ಟಬೇಡಿ. ಪ್ರೈಮರಿ ಸ್ಪ್ರಿಂಗಿಗೆ 120-340 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಗಾಡಿ ಯಾವ ಆರ್‌ಪಿಎಂನಲ್ಲಿ ಹೊರಡುತ್ತದೆ ಎಂಬುದನ್ನೂ ಎರಡನೆಯದು ಪೂರ್ತಿ ವೇಗದ ಆರ್‌ಪಿಎಂ ಅನ್ನೂ ಪ್ರಭಾವಿಸುತ್ತದೆ. ಸೆಕೆಂಡರಿಯ ಹೆಲಿಕ್ಸ್ (ಒಳಗಿನ ಓರೆಯಾದ ಮೈ) ಕೋನ ಹಿರಿದಾದರೆ ಅಪ್‌ಶಿಫ್ಟ್, ಅಂದರೆ ಮೇಲಿನ ಅನುಪಾತಕ್ಕೆ ಏರುವುದು, ಬೇಗ, ಕಿರಿದಾದರೆ ನಿಧಾನ. ಇವೆಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಪರೀಕ್ಷಿಸುವಾಗ ಬೆಲ್ಟ್ ಗಾರ್ಡ್ ಹಾಕಿಯೇ ಓಡಿಸಿ. ಆ ವೇಗದಲ್ಲಿ ಬೆಲ್ಟ್ ತುಂಡಾದರೆ ಅದು ಚಾಟಿಯಂತೆ ಬರುತ್ತದೆ.

ಕಡೂರಿನವನು

ಮೂವರಿಗೂ ಕೃತಜ್ಞತೆಗಳು. ಎರಡು ವಾರಾಂತ್ಯಗಳ ಕೆಲಸದ ವರದಿ ಇದು.

ವೇಟ್‌ಗಳ ಮೇಲೆ 58 (ಗ್ರಾಂ) ಎಂದು ಕೊರೆದಿತ್ತು. ಪಟ್ಟಿಯ ಪ್ರಕಾರ ಇಲ್ಲಿಯ ಎತ್ತರಕ್ಕೆ 64 ಇರಬೇಕಿತ್ತು. ಬೆಲ್ಟಿನ ಪಕ್ಕಗಳು ಡುಲೂತಿನವರು ಹೇಳಿದಂತೆಯೇ ಹೊಳೆಯುತ್ತಿದ್ದವು, ಪುಲ್ಲಿಯ ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ಕೂತಿತ್ತು. ಮೊದಲು ಬೆಲ್ಟ್ ಒಂದನ್ನೇ ಬದಲಾಯಿಸಿದೆ, ತಟ್ಟೆಗಳನ್ನು ಒರಟು ನಾರಿನಿಂದ ಉಜ್ಜಿ ಬ್ರೇಕ್ ಕ್ಲೀನರಿನಿಂದ ಒರೆಸಿದೆ. ಹೊರಡುವಾಗಿನ ತಡವರಿಕೆ ಅಷ್ಟಕ್ಕೇ ಹೋಯಿತು, ಆದರೆ 8,600ರ ಕೂಗು ಹಾಗೆಯೇ ಉಳಿಯಿತು.

ಆಮೇಲೆ ಮೂರೂ ವೇಟ್‌ಗಳನ್ನು 64ಕ್ಕೆ ಬದಲಾಯಿಸಿದೆ. ಆರ್‌ಪಿಎಂ 8,050ಕ್ಕೆ ಇಳಿದು ಗಾಡಿ ಸ್ವಲ್ಪ ಮಂದವಾಯಿತು. 62ಕ್ಕೆ ಬಂದಾಗ ಅದೇ ಹೊಲದಲ್ಲಿ, ಎಂಜಿನ್ ಬಿಸಿಯಾದ ಮೇಲೆ, ಮೂರು ಓಟಗಳಲ್ಲೂ 8,200ರಿಂದ 8,250ರ ನಡುವೆ ಮುಳ್ಳು ಅಲುಗದೆ ನಿಂತಿತು. ಶಬ್ದ ತಗ್ಗಿತು, ಬೆನ್ನು ಸೀಟಿನ ಹಿಂಭಾಗಕ್ಕೆ ಜಗ್ಗಿತು. ಮಾರ್ಕರ್ ಗೆರೆ ಅಂಚಿನ ಹತ್ತಿರದವರೆಗೂ ಅಳಿಸಿದೆ.

ಸಹೋದ್ಯೋಗಿಗಿಂತ ಈಗಲೂ ಅರ್ಧ ಗಾಡಿಯಷ್ಟು ಹಿಂದಿದ್ದೇನೆ. ಇದಕ್ಕೂ ಕ್ಲಚ್ಚೇ ಕಾರಣವೇ?

ಹಿಮದ ಮೇಸ್ತ್ರಿ

ಅಲ್ಲ. ನಿಮ್ಮದು ಬೆಟ್ಟದ ಪುಡಿಹಿಮಕ್ಕಾಗಿ ಮಾಡಿದ 155 ಇಂಚಿನ ಟ್ರ್ಯಾಕ್, ಎತ್ತರದ ಹಲ್ಲುಗಳು. ಅವರದು 129 ಅಥವಾ 137 ಇಂಚಿನ, ಗಟ್ಟಿ ಹಿಮದ ದಾರಿಗೆಂದು ಮಾಡಿದ ಟ್ರೇಲ್ ಸ್ಲೆಡ್ ಇರಬೇಕು. ಗಟ್ಟಿ ಹಿಮದ ಮೇಲೆ ನಿಮ್ಮ ಎಂಜಿನ್ ಅಷ್ಟೂ ಹೆಚ್ಚಿನ ರಬ್ಬರನ್ನು ತಿರುಗಿಸಬೇಕು. 62ರಲ್ಲೇ ಬಿಡಿ. ಮೊಣಕಾಲುದ್ದ ಹೊಸ ಹಿಮ ಬಿದ್ದ ದಿನ ಅವರನ್ನು ಅದೇ ಹೊಲಕ್ಕೆ ಕರೆಯಿರಿ.